ಒಂದು ಗಾಜಿಗೆ 14 ತಿಂಗಳು

ಮೂರು ತಿಂಗಳಲ್ಲಿ ಮುಗಿಸಿಬಿಡುತ್ತೇನೆ ಅಂತ ಕೈ ಹಾಕಿದ ಕೆಲಸ 14 ತಿಂಗಳು ಹಿಡಿಯಿತು. ಟೆಲಿಸ್ಕೋಪಿನ ಕನ್ನಡಿಯನ್ನು ಕೈಯಲ್ಲೇ ಉಜ್ಜಿ ಮಾಡುವ ಕೆಲಸ. 200 ಮಿಲಿಮೀಟರ್ ಅಗಲದ ದುಂಡು ಗಾಜು, ಹೆಚ್ಚುಕಡಿಮೆ ಒಂದು ತಟ್ಟೆಯಷ್ಟು. ಮೊದಲ ಐದಾರು ತಿಂಗಳು ಅದನ್ನು ಅರ್ಧ ಮನಸ್ಸಿನಿಂದ ಉಜ್ಜಿದೆ. ಆಮೇಲಿನದ್ದೆಲ್ಲ ಪೂರ್ತಿ ಮನಸ್ಸಿನಿಂದ. ಎರಡೂ ಹೇಗಿರುತ್ತವೆ ಅಂತ ಒಂದೇ ಗಾಜಿನ ಮೇಲೆ ನೋಡಿದೆ. ಅದಕ್ಕೇ ಬರೆಯಬೇಕು ಅನಿಸಿತು.

ಆರಂಭಶೂರತ್ವ ನನ್ನ ಹಳೇ ಕಾಯಿಲೆ. ಹೊಸ ಭಾಷೆ ಕಲಿಯಲು ಶುರು ಮಾಡಿ ಎರಡು ತಿಂಗಳಿಗೆ ಬಿಟ್ಟಿದ್ದೇನೆ. ವೀಣೆಯನ್ನು ಒಂದು ವರ್ಷಕ್ಕೆ. ಬಿಟ್ಟಾಗಲೆಲ್ಲ ಒಂದು ಕಾರಣ ಸಿಗುತ್ತಿತ್ತು, ಆ ಕಾರಣ ಸುಳ್ಳೂ ಆಗಿರುತ್ತಿರಲಿಲ್ಲ. ಆಫೀಸಿನ ಕೆಲಸ ಜಾಸ್ತಿ, ಮನೆಯಲ್ಲಿ ತಾಪತ್ರಯ, ಹೀಗೆ. ನಲವತ್ತು ದಾಟಿದ ಮೇಲೆ ಮಾತ್ರ ಈ ಬಿಟ್ಟ ಕೆಲಸಗಳ ಸಾಲು ಕಣ್ಣಿಗೆ ಚುಚ್ಚತೊಡಗಿತು.

ಕನ್ನಡಿಯ ಹುಚ್ಚು ಹಿಡಿಸಿದ್ದು ಒಬ್ಬರು ನಿವೃತ್ತ ಮೇಷ್ಟ್ರು. ಅವರೇ ಮಾಡಿದ ಟೆಲಿಸ್ಕೋಪಿನಲ್ಲಿ ಒಂದು ರಾತ್ರಿ ಚಂದ್ರನನ್ನು ತೋರಿಸಿದರು. ಕುಳಿಗಳ ಅಂಚಿನ ನೆರಳು ಕತ್ತರಿಸಿಟ್ಟಂತೆ ಕಾಣುತ್ತಿತ್ತು. "ಈ ಕನ್ನಡಿ ಎಲ್ಲಿಂದ ತರಿಸಿದ್ರಿ ಮೇಷ್ಟ್ರೇ?" ಅಂದೆ. "ತರಿಸಿಲ್ಲಮ್ಮ, ಉಜ್ಜಿದ್ದು" ಅಂದರು. ಆ ಒಂದು ಮಾತು ಸಾಕಾಯಿತು.

ಕೆಲಸ ಹೇಳಲಿಕ್ಕೆ ಬಹಳ ಸರಳ. ಗಾಜು ಒಂದು. ಅದರಷ್ಟೇ ಅಗಲದ, ಮೇಲ್ಮೈಗೆ ಸಣ್ಣ ಸಣ್ಣ ಟೈಲ್ಸ್ ಚೂರು ಅಂಟಿಸಿದ ಪ್ಲಾಸ್ಟರ್ ಬಿಲ್ಲೆ ಇನ್ನೊಂದು. ಅದನ್ನು ಟೂಲ್ ಅನ್ನುತ್ತಾರೆ. ಟೂಲ್ ಕೆಳಗೆ, ಗಾಜು ಮೇಲೆ. ನಡುವೆ ಗಾಜನ್ನು ಸವೆಸುವ ಗಟ್ಟಿ ಕಾರ್ಬೊರಂಡಮ್ ಪುಡಿ, ಸ್ವಲ್ಪ ನೀರು. ಹಿಂದೆ ಮುಂದೆ ಉಜ್ಜಬೇಕು. ಉಜ್ಜುತ್ತಾ ಗಾಜನ್ನು ಕೈಯಲ್ಲಿ ಸ್ವಲ್ಪ ತಿರುಗಿಸಬೇಕು, ನಾವೂ ಮೇಜಿನ ಸುತ್ತ ಒಂದೊಂದೇ ಹೆಜ್ಜೆ ಸರಿಯಬೇಕು. ಹೀಗೆ ಮಾಡುತ್ತಾ ಹೋದರೆ ಮೇಲಿನ ಗಾಜು ನಡುವೆ ಸವೆದು ತಗ್ಗಾಗುತ್ತದೆ, ಕೆಳಗಿನ ಟೂಲ್ ಉಬ್ಬುತ್ತದೆ. ಯಾವ ಕಡೆ ತಿರುಗಿಸಿದರೂ ಒಂದಕ್ಕೊಂದು ಸರಿಯಾಗಿ ಕೂರುವ ಆಕಾರ ಗೋಳ ಒಂದೇ. ಹಾಗಾಗಿ ಕೈ ಸ್ವಲ್ಪ ಹೆಚ್ಚುಕಡಿಮೆ ಆದರೂ ಗಾಜು ತಾನಾಗಿಯೇ ಗೋಳದ ಚೂರಾಗುತ್ತದೆ. ಇದು ನನಗೆ ಇವತ್ತಿಗೂ ಆಶ್ಚರ್ಯ.

ಒಂದು ಸಲ ಪುಡಿ ಹಾಕಿ ಅದು ಸವೆಯುವವರೆಗೆ ಉಜ್ಜುವುದಕ್ಕೆ ಒಂದು ವೆಟ್ ಅಂತ ಹೆಸರು. ಪುಡಿ ಹೊಸದಿದ್ದಾಗ ಗರಗರ ಅಂತ ಹಲ್ಲು ಜುಮ್ಮೆನ್ನುವ ಸದ್ದು. ಐದಾರು ನಿಮಿಷಕ್ಕೆ ಅದು ಮೆತ್ತಗಾಗುತ್ತಾ ಸುಯ್ ಅಂತ ಇಳಿಯುತ್ತದೆ. ಆಗ ಒರೆಸಿ ಮತ್ತೆ ಪುಡಿ. ಅಮ್ಮ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದಳು: ತಾರೀಖು, ಯಾವ ಪುಡಿ, ಎಷ್ಟು ವೆಟ್, ಎಷ್ಟು ಹೊತ್ತು. ನಾನು ಕೇಳಿರಲಿಲ್ಲ, ತಾನಾಗೇ ಶುರು ಮಾಡಿದಳು. "ಲೆಕ್ಕ ಇಲ್ದಿದ್ರೆ ನೀನು ನಾಳೆ ಸುಳ್ಳು ಹೇಳ್ಕೋತೀಯ" ಅಂದಳು. ಎಷ್ಟು ಸರಿಯಾಗಿ ಹೇಳಿದ್ದಳು ಅನ್ನುವುದು ಆಮೇಲೆ ಗೊತ್ತಾಯಿತು.

ಪುಡಿಗೆ ನಂಬರು ಇರುತ್ತದೆ, ನಂಬರು ಹೆಚ್ಚಿದಷ್ಟೂ ಕಾಳು ನುಣುಪು. ದಪ್ಪ ಕಾಳಿನ 80ರ ಪುಡಿಯಲ್ಲಿ ತಗ್ಗು ತೋಡುವ ಕೆಲಸ ಎರಡು ವಾರದಲ್ಲಿ ಮುಗಿಯಿತು. ನನ್ನ ಕನ್ನಡಿಗೆ ಬೇಕಿದ್ದ ತಗ್ಗು ನಡುಮಧ್ಯದಲ್ಲಿ 2 ಮಿಲಿಮೀಟರಿಗಿಂತ ಕೂದಲೆಳೆ ಜಾಸ್ತಿ, ಅಷ್ಟೇ. ಸ್ಕೇಲನ್ನು ಅಡ್ಡ ಇಟ್ಟು ಅದರಡಿ 2 ಮಿಲಿಮೀಟರಿನ ಡ್ರಿಲ್ ಬಿಟ್ ತೂರಿಸಿ ನೋಡಿದೆ. ಸರಕ್ಕನೆ ಹೋಯಿತು. ಆ ದಿನ ಏನೋ ಗೆದ್ದಂತೆ ಕುಣಿದಿದ್ದೆ.

ಅಲ್ಲಿಂದ ಮುಂದಿನದ್ದು ಬೇಜಾರಿನ ಹಾದಿ. 120, 220, 320, 500, ಆಮೇಲೆ ಇನ್ನೂ ನುಣುಪಾದ ಅಲ್ಯೂಮಿನಿಯಂ ಆಕ್ಸೈಡ್. ಆಕಾರ ಬದಲಾಗುವುದಿಲ್ಲ. ಹಿಂದಿನ ಪುಡಿ ಮಾಡಿದ ಹೊಂಡಗಳನ್ನು ಮುಂದಿನ ಪುಡಿ ತೆಗೆಯಬೇಕು, ಅಷ್ಟೇ ಕೆಲಸ. ಗಾಜು ಮೊದಲೂ ಬಿಳಿ ಮಂಜು, ಆಮೇಲೂ ಬಿಳಿ ಮಂಜು. ದಿನಾ ಎರಡು ಗಂಟೆ ಉಜ್ಜಿದರೂ ಕಣ್ಣಿಗೆ ಏನೂ ಕಾಣುವುದಿಲ್ಲ. ಪ್ರತಿ ಸಲ ಪುಡಿ ಬದಲಿಸುವಾಗ ಮೇಜು, ಬಕೆಟ್, ಉಗುರಿನ ಸಂದು, ತೋಳಿನ ಮಡಿಕೆ ಎಲ್ಲ ತೊಳೆಯಬೇಕು. 80ರ ಒಂದೇ ಒಂದು ಕಾಳು ಉಳಿದರೂ ನುಣುಪಾದ ಗಾಜಿನ ಮೇಲೆ ಗೀರು ಎಳೆಯುತ್ತದೆ.

ಇಲ್ಲೇ ನಾನು ತಪ್ಪಿದ್ದು. 220 ಮುಗಿಸುವ ರಾತ್ರಿ ಭೂತಗನ್ನಡಿ ಇಟ್ಟು ನೋಡಿದ್ದೆ. ಅಂಚಿನ ಒಂದು ಬೆರಳಗಲದಲ್ಲಿ ದಪ್ಪ ಹೊಂಡಗಳು ಇನ್ನೂ ಇದ್ದವು. ಕಣ್ಣಾರೆ ಕಂಡೆ. ಆದರೂ "ಮುಂದಿನ ಪುಡಿಯಲ್ಲಿ ಹೋಗುತ್ತೆ ಬಿಡು" ಅಂತ 320ಕ್ಕೆ ಹಾರಿದೆ. 320ರಲ್ಲೂ ಅದೇ ಮಾತು. ನನಗೆ ಬೇಗ ಹೊಳಪು ನೋಡಬೇಕಿತ್ತು.

ಹೊಳಪು ಬಂತು ಕೂಡ. ಪಾಲಿಶ್ ಮಾಡಲು ಪಿಚ್ ಬೇಕು. ಮರದ ರಾಳದಂಥ ಕಪ್ಪು ಅಂಟು. ಮುಟ್ಟಿದರೆ ಕಲ್ಲಿನ ಹಾಗೆ ಗಟ್ಟಿ, ಆದರೆ ಭಾರ ಹೇರಿಟ್ಟರೆ ನಿಧಾನಕ್ಕೆ ಹರಿದು ಗಾಜಿನ ಆಕಾರವನ್ನೇ ತಾಳುತ್ತದೆ. ಅದನ್ನು ಕರಗಿಸಿ ಟೂಲಿನ ಮೇಲೆ ಹುಯ್ದು, ಚೌಕ ಚೌಕ ಗೆರೆ ಕೊರೆದು, ಸಿರಿಯಂ ಆಕ್ಸೈಡ್ ಅನ್ನುವ ಪಾಲಿಶ್ ಪುಡಿ ಬಳಿದು ಉಜ್ಜಬೇಕು. ಮೊದಲ ಅರ್ಧ ಗಂಟೆಗೇ ಮಂಜು ಕರಗಿ ಗಾಜು ಕಣ್ಣು ತೆರೆದಂತೆ ಆಯಿತು. ಏಳು ಗಂಟೆ ಪಾಲಿಶ್ ಆದ ಮೇಲೆ ಹೆಮ್ಮೆಯಿಂದ ಮೇಷ್ಟ್ರ ಹತ್ತಿರ ಒಯ್ದೆ.

ಅವರು ಪಕ್ಕದಿಂದ ಟಾರ್ಚ್ ಬಿಟ್ಟು, ಭೂತಗನ್ನಡಿ ಹಿಡಿದು, ಅಂಚಿನ ಸುತ್ತ ನಿಧಾನವಾಗಿ ಒಂದು ಸುತ್ತು ಬಂದರು. ಹೊಳೆಯುವ ಗಾಜಿನ ಮೇಲೆ ನಕ್ಷತ್ರದ ಹಾಗೆ ಚುಕ್ಕಿಗಳು ಮಿನುಗುತ್ತಿದ್ದವು.

"ಇದು ಪಾಲಿಶಿನಲ್ಲಿ ಹೋಗೋ ಹೊಂಡ ಅಲ್ಲಮ್ಮ" ಅಂದರು. "ತುಂಬಾ ಹಿಂದಿನದ್ದು."

"ಈಗೇನು ಮಾಡ್ಲಿ ಮೇಷ್ಟ್ರೇ?"

"ಹೀಗೇ ಬಿಟ್ರೂ ಚಂದ್ರ ಕಾಣ್ತಾನೆ. ಶನಿಯೂ ಕಾಣ್ತಾನೆ. ಅಂಚು ಸ್ವಲ್ಪ ಬೆಳಕು ಚೆದುರಿಸುತ್ತೆ, ಅಷ್ಟೆ. ಬೇಡ ಅಂದ್ರೆ ವಾಪಸ್ 220ಕ್ಕೆ ಹೋಗ್ಬೇಕು. ನಿನ್ನಿಷ್ಟ."

ಬೈದಿದ್ದರೆ ಸುಲಭವಾಗುತ್ತಿತ್ತು. ಅವರು ಬೈಯಲಿಲ್ಲ.

ಗಾಜನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟೆ. ಐದು ವಾರ ತೆಗೆಯಲಿಲ್ಲ. ಅಣ್ಣ "ರೆಡಿಮೇಡ್ ಟೆಲಿಸ್ಕೋಪ್ ತಗೊಂಡ್ಬಿಡು, ಯಾಕೆ ಒದ್ದಾಡ್ತೀಯ" ಅಂದ. ಅವನ ಮಾತಲ್ಲಿ ತಪ್ಪಿರಲಿಲ್ಲ. ನಿಜ ಹೇಳಬೇಕೆಂದರೆ ಅದಕ್ಕೆ ಅಂತಲೇ ಹಣವನ್ನೂ ಮೊದಲ ದಿನದಿಂದ ಎತ್ತಿಟ್ಟಿದ್ದೆ. ಕನ್ನಡಿ ಆಗದಿದ್ದರೆ ಇರಲಿ ಅಂತ.

ಆ ಐದು ವಾರದಲ್ಲಿ ಒಂದು ರಾತ್ರಿ ಅಮ್ಮನ ನೋಟ್‌ಬುಕ್ ತಿರುವಿದೆ. 80ರ ಪುಡಿಗೆ ಪುಟಗಟ್ಟಲೆ ಲೆಕ್ಕ. 120ಕ್ಕೆ ಒಂದು ಪುಟ. 220ಕ್ಕೆ ಅರ್ಧ ಪುಟ. ಕೊನೆಗೆ ಅಮ್ಮನ ಅಕ್ಷರದಲ್ಲಿ ಚಿಕ್ಕದಾಗಿ ಒಂದು ಸಾಲು: "ಅಂಚು ಆಗಿಲ್ಲ ಅಂದಳು. ಆದರೂ ಮುಂದೆ ಹೋದಳು."

ತುಂಬಾ ಹೊತ್ತು ಆ ಸಾಲನ್ನೇ ನೋಡುತ್ತಾ ಕೂತೆ. ಯಾಕೆ ಮುಂದೆ ಹೋದೆ? ಸೋಮಾರಿತನ ಅಂತ ಅಂದುಕೊಂಡರೆ ಲೆಕ್ಕ ತಾಳೆಯಾಗುವುದಿಲ್ಲ, ದಿನಾ ಎರಡು ಗಂಟೆ ಉಜ್ಜಿದವಳು ನಾನೇ. ಬೇರೇನೋ ಇತ್ತು. ಪೂರ್ತಿ ಮನಸ್ಸಿಟ್ಟು ಮಾಡಿ, ಆಮೇಲೂ ಕನ್ನಡಿ ಕೆಟ್ಟರೆ, ಅದು ನನ್ನ ಕೈಲಾಗದ ಕೆಲಸ ಅಂತ ಒಪ್ಪಿಕೊಳ್ಳಬೇಕಾಗುತ್ತದೆ. ಸ್ವಲ್ಪ ಬಿಟ್ಟು ಮಾಡಿದರೆ "ಸರಿಯಾಗಿ ಮಾಡಿದ್ದರೆ ಬರುತ್ತಿತ್ತು" ಅನ್ನುವ ಮಾತು ಕೈಯಲ್ಲಿ ಉಳಿಯುತ್ತದೆ. ಆ ಮಾತನ್ನು ಉಳಿಸಿಕೊಳ್ಳಲಿಕ್ಕೆ ನಾನು ಹೊಂಡ ಬಿಟ್ಟಿದ್ದೆ. ಎತ್ತಿಟ್ಟ ಹಣವೂ ಅದೇ. ವೀಣೆಯೂ ಅದೇ ಇರಬೇಕು. ಎರಡು ದೋಣಿಯಲ್ಲಿ ಕಾಲಿಟ್ಟುಕೊಂಡೇ ಅರ್ಧ ಆಯಸ್ಸು ಕಳೆದಿದ್ದೆ.

ಮರುದಿನ ಆ ಹಣದಲ್ಲಿ ಕೊಳವೆಗೆ, ಸ್ಟ್ಯಾಂಡಿಗೆ ಬೇಕಾದ ಮರ, ಕಣ್ಣಿಟ್ಟು ನೋಡುವ ಮಸೂರ ಅಂದರೆ ಐಪೀಸ್, ಚಿಕ್ಕ ಕನ್ನಡಿ ಎಲ್ಲ ತರಿಸಿಬಿಟ್ಟೆ. ನನ್ನ ಈ ಗಾಜಿಗೆ ಬಿಟ್ಟರೆ ಇನ್ನಾವುದಕ್ಕೂ ಹೊಂದದ ಅಳತೆಯಲ್ಲಿ ಮರ ಕೊಯ್ಸಿದೆ. ಆಮೇಲೆ ಮತ್ತೆ 220ರ ಡಬ್ಬ ತೆಗೆದೆ.

ಹೊಳೆಯುವ ಕನ್ನಡಿಯ ಮೇಲೆ ಮತ್ತೆ ದಪ್ಪ ಪುಡಿ ಹಾಕುವ ಆ ಮೊದಲ ಎಳೆತ ಇದೆಯಲ್ಲ, ಅದನ್ನು ಮರೆಯಲಾರೆ. ಏಳು ಗಂಟೆಯ ಹೊಳಪು ಒಂದು ನಿಮಿಷದಲ್ಲಿ ಮಂಜಾಯಿತು. ಅಮ್ಮ ಬಾಯಿಗೆ ಸೆರಗು ಹಿಡಿದುಕೊಂಡಳು. ನನಗೆ ಅಳು ಬರಬೇಕಿತ್ತು, ಬರಲಿಲ್ಲ. ಹೆಗಲ ಮೇಲಿನ ಏನೋ ಇಳಿದಂತಾಯಿತು.

ಈ ಸಲ ಬೇರೆ ಥರ ಮಾಡಿದೆ. ಮೇಷ್ಟ್ರು ಹೇಳಿಕೊಟ್ಟ ಹಾಗೆ ಮಾರ್ಕರ್ ಪೆನ್ನಿನಲ್ಲಿ ಗಾಜಿನ ತುಂಬಾ ಗೆರೆ ಎಳೆದು ಒಂದು ವೆಟ್ ಉಜ್ಜಿ ನೋಡುತ್ತಿದ್ದೆ. ಗೆರೆ ಎಲ್ಲ ಕಡೆ ಒಂದೇ ಸಮ ಅಳಿಸಿದರೆ ಗಾಜು ಟೂಲ್ ಎರಡೂ ಪೂರ್ತಿ ಕೂರುತ್ತಿವೆ ಅಂತ ಅರ್ಥ. ನನ್ನದು ಅಂಚಿನಲ್ಲಿ ಉಳಿಯುತ್ತಿತ್ತು. ಮೊದಲ ಸಲ ಹೊಂಡ ಯಾಕೆ ಉಳಿಯಿತು ಅನ್ನುವುದು ಆಗ ತಿಳಿಯಿತು: ಅಂಚು ಸರಿಯಾಗಿ ತಾಗುತ್ತಲೇ ಇರಲಿಲ್ಲ. ಎಳೆತ ಚಿಕ್ಕದು ಮಾಡಿ ನಾಲ್ಕು ದಿನ ಉಜ್ಜಿದ ಮೇಲೆ ಗೆರೆ ಒಟ್ಟಿಗೇ ಅಳಿಸತೊಡಗಿತು. ಪ್ರತಿ ಪುಡಿಯ ಕೊನೆಗೂ ಎಲ್ಲಕ್ಕಿಂತ ದೊಡ್ಡ ಹೊಂಡ ಹುಡುಕಿ, ಗಾಜಿನ ಹಿಂದೆ ಅದರ ಜಾಗಕ್ಕೆ ಗುರುತು ಹಾಕಿ, ಅದು ಮಾಯವಾಗುವವರೆಗೆ ಪುಡಿ ಬದಲಿಸಲಿಲ್ಲ.

ಇನ್ನೂ ಎರಡು ಕಟ್ಟುಪಾಡು ಹಾಕಿಕೊಂಡೆ. ಒಂದು, ರಾತ್ರಿ ಎಂಟೂವರೆಗೆ ಮೇಜಿನ ಮುಂದೆ ನಿಲ್ಲುವುದು. ಇವತ್ತು ಮಾಡಲೋ ಬೇಡವೋ ಅಂತ ಯೋಚಿಸುವುದೇ ಇಲ್ಲ. ದಿನಾ ಆ ಪ್ರಶ್ನೆ ಕೇಳಿಕೊಳ್ಳುವುದರಲ್ಲಿ ಎಷ್ಟು ಶಕ್ತಿ ಸೋರುತ್ತದೆ ಅನ್ನುವುದು ಅದನ್ನು ನಿಲ್ಲಿಸಿದ ಮೇಲೆಯೇ ಗೊತ್ತಾಗುವುದು. ಇನ್ನೊಂದು, ಕೆಲಸ ಕೆಟ್ಟ ರಾತ್ರಿಯಲ್ಲಿ ಅದರ ಬಗ್ಗೆ ಯಾವ ತೀರ್ಮಾನವನ್ನೂ ತೆಗೆದುಕೊಳ್ಳಬಾರದು. ಬಿಡುವುದಿದ್ದರೆ ಭಾನುವಾರ ಬೆಳಿಗ್ಗೆ ಬಿಡಬೇಕು. ಭಾನುವಾರ ಬೆಳಿಗ್ಗೆ ಒಂದು ಸಲವೂ ಬಿಡಬೇಕು ಅನಿಸಲಿಲ್ಲ.

ಎರಡನೇ ಸಲದ ಪಾಲಿಶಿನಲ್ಲಿ ಉಗುರಿನುದ್ದದ ಒಂದು ಗೀರು ಬಿತ್ತು. ನಾನು ಮತ್ತೆ ಹಿಂದಕ್ಕೆ ಹೋಗಲು ತಯಾರಾಗಿದ್ದೆ. ಮೇಷ್ಟ್ರು ತಡೆದರು. "ಗೀರಿನ ಜಾಗ ಇಡೀ ಕನ್ನಡಿಯಲ್ಲಿ ಎಷ್ಟಮ್ಮ? ಬಿಡು." ಬಿಟ್ಟೆ. ಕಣ್ಣಿಗೆ ಗೀರೂ ಒಂದು ಕುಂದೇ, ಹೊಂಡವೂ ಒಂದು ಕುಂದೇ. ಚಂದ್ರನಿಗಂತೂ ಎರಡೂ ಒಂದೇ. ಆದರೆ ಗೀರು ನಾನು ಎಚ್ಚರದಿಂದ ಇದ್ದಾಗಲೂ ಬಿದ್ದದ್ದು, ಹೊಂಡ ನಾನು ಬೇಕಂತಲೇ ಕಣ್ಣು ಮುಚ್ಚಿದಾಗ ಉಳಿದದ್ದು. ಗೀರನ್ನು ನೋಡಿದರೆ ನನಗೆ ಇವತ್ತಿಗೂ ಏನೂ ಅನಿಸುವುದಿಲ್ಲ.

ಪಾಲಿಶ್ ಮುಗಿದ ಮೇಲೆ ನಿಜವಾದ ಕಷ್ಟ ಶುರು. ಗೋಳದ ಆಕಾರ ಸಾಲದು. ದೂರದ ನಕ್ಷತ್ರದ ಬೆಳಕೆಲ್ಲ ಒಂದೇ ಬಿಂದುವಿಗೆ ಬಂದು ಸೇರಬೇಕಾದರೆ ಕನ್ನಡಿ ಪ್ಯಾರಾಬೋಲಾ ಆಗಬೇಕು, ಅಂದರೆ ಅಂಚಿಗಿಂತ ನಡುವೆ ತುಸು ಹೆಚ್ಚು ಬಾಗಿದ ಆಕಾರ. ನನ್ನ ಅಳತೆಯ ಕನ್ನಡಿಯಲ್ಲಿ ಈ ಎರಡು ಆಕಾರಗಳ ನಡುವಿನ ವ್ಯತ್ಯಾಸ ಅಂಚಿನಲ್ಲಿ ಕೂಡ ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗದಷ್ಟಿಲ್ಲ. ಅಷ್ಟನ್ನು ಕೈಯಲ್ಲೇ ಉಜ್ಜಿ ತರಬೇಕು. ನೋಡುವುದಾದರೂ ಹೇಗೆ? ಅದಕ್ಕೆ ಫ್ರಾನ್ಸಿನ ಲಿಯೋನ್ ಫೂಕೊ 1858ರಲ್ಲಿ ಒಂದು ದಾರಿ ಕಂಡುಹಿಡಿದ. ಲೋಲಕ ತೂಗಿಸಿ ಭೂಮಿ ತಿರುಗುವುದನ್ನು ತೋರಿಸಿದವನೂ ಅವನೇ. ಬೇಕಾದದ್ದು ಒಂದು ಚುಕ್ಕಿ ಬೆಳಕು, ಒಂದು ಬ್ಲೇಡು, ಅಷ್ಟೇ.

ಕತ್ತಲೆ ಮಾಡಿದ ಕೋಣೆಯ ಒಂದು ತುದಿಯಲ್ಲಿ ಕನ್ನಡಿ ನಿಲ್ಲಿಸಿದೆ. 2400 ಮಿಲಿಮೀಟರ್ ದೂರದಲ್ಲಿ ನಾನು. ಇನ್ನೂ ಲೇಪನ ಹಾಕದ ಬರೀ ಗಾಜು ನೂರಕ್ಕೆ ನಾಲ್ಕು ಪಾಲು ಬೆಳಕನ್ನಷ್ಟೇ ಹಿಂದಿರುಗಿಸುತ್ತದೆ, ಆದರೆ ಇದಕ್ಕೆ ಅದು ಸಾಕು. ವಾಪಸ್ ಬರುವ ಬೆಳಕಿನ ಚುಕ್ಕಿಗೆ ಬ್ಲೇಡನ್ನು ಅಡ್ಡ ತಂದಾಗ ಕನ್ನಡಿಯ ಮೇಲೆ ಬೂದು ನೆರಳು ಹರಡಿತು. ಚಪ್ಪಟೆಯಾಗಿ ಕಂಡಿದ್ದ ಗಾಜು ಇದ್ದಕ್ಕಿದ್ದಂತೆ ಗುಡ್ಡ, ಕಣಿವೆ, ಏರು ತಗ್ಗಿನ ಮರಳುಗಾಡಿನಂತೆ ಕಾಣಿಸಿತು.

ಮೇಷ್ಟ್ರು "ಹೋಗಿ ಹೆಬ್ಬೆರಳು ಒತ್ತಿ ಬಾ, ಅರ್ಧ ನಿಮಿಷ" ಅಂದರು. ಒತ್ತಿ ಬಂದು ಮತ್ತೆ ಬ್ಲೇಡಿನ ಹಿಂದೆ ಕಣ್ಣಿಟ್ಟೆ. ನನ್ನ ಬೆರಳಿದ್ದ ಜಾಗದಲ್ಲಿ ಒಂದು ಗುಡ್ಡ ಎದ್ದಿತ್ತು. ಮೈ ಬಿಸಿಗೆ ಗಾಜು ಉಬ್ಬಿತ್ತು. ನೋಡುತ್ತಿದ್ದಂತೆಯೇ ಕೆಲವು ನಿಮಿಷಗಳಲ್ಲಿ ಅದು ನಿಧಾನವಾಗಿ ತಗ್ಗುತ್ತಾ ಗಾಜಿನಲ್ಲಿ ಲೀನವಾಯಿತು. ನನ್ನ ಉಸಿರು ನಿಂತಂತಾಗಿತ್ತು.

ಇದರ ಇನ್ನೊಂದು ಅರ್ಥ, ಉಜ್ಜಿದ ತಕ್ಷಣ ಕನ್ನಡಿ ನಿಜ ಹೇಳುವುದಿಲ್ಲ. ತಣಿಯಬೇಕು. ಹತ್ತು ನಿಮಿಷ ಕೆಲಸ, ಒಂದೆರಡು ಗಂಟೆ ಕಾಯುವುದು, ಆಮೇಲೆ ಪರೀಕ್ಷೆ. ಕೆಲಸ ಮಾಡುವುದಕ್ಕಿಂತ ಕೈ ಕಟ್ಟಿ ಕೂರುವುದು ನನಗೆ ಕಷ್ಟವಾಯಿತು. ನಾಲ್ಕು ಸಲ ಆಕಾರ ದಾಟಿಹೋಯಿತು. ಎರಡು ಸಲ ಅಂಚು ಬಾಗಿತು. ಪ್ರತಿ ಸಲ ಮತ್ತೆ ಗೋಳಕ್ಕೆ ತಂದು ಮೊದಲಿಂದ. ಈ ಹಂತಕ್ಕೇ ಮೂರೂವರೆ ತಿಂಗಳು ಹೋಯಿತು.

ಕಾಯುವಾಗ ಓದುತ್ತಿದ್ದೆ. ವಿಲಿಯಂ ಹರ್ಷೆಲ್ ವೃತ್ತಿಯಲ್ಲಿ ಸಂಗೀತಗಾರ. ತಾನೇ ಉಜ್ಜಿದ ಲೋಹದ ಕನ್ನಡಿಯ ಟೆಲಿಸ್ಕೋಪಿನಲ್ಲಿ 1781ರಲ್ಲಿ ಯುರೇನಸ್ ಕಂಡವನು. ಒಂದು ಸಲ ಕನ್ನಡಿ ಮುಗಿಸಲು 16 ಗಂಟೆ ಅದರ ಮೇಲಿಂದ ಕೈ ತೆಗೆಯಲಿಲ್ಲವಂತೆ. ತಂಗಿ ಕ್ಯಾರೊಲಿನ್ ಬಾಯಿಗೆ ತುತ್ತಿಡುತ್ತಿದ್ದಳು, ಬೇಜಾರಾಗದಿರಲಿ ಅಂತ ಕಥೆ ಓದಿ ಹೇಳುತ್ತಿದ್ದಳು. ಆ 16 ಗಂಟೆಗಿಂತ ನನ್ನ ಮನಸ್ಸಿನಲ್ಲಿ ನಿಂತದ್ದು ಆ ತಂಗಿ. ಆ ಪುಟವನ್ನು ಅಮ್ಮನಿಗೆ ಓದಿ ಹೇಳಿದೆ. "ಅವಳ ಕೈಯಲ್ಲಿ ನೋಟ್‌ಬುಕ್ ಇರಲಿಲ್ವಾ?" ಅಂತ ಕೇಳಿದಳು. ಇತ್ತು. ಅಣ್ಣ ನೋಡಿ ಹೇಳಿದ್ದನ್ನು ರಾತ್ರಿಯಿಡೀ ಬರೆದುಕೊಂಡವಳು ಅವಳೇ. ಆಮೇಲೆ ಹಲವು ಧೂಮಕೇತುಗಳನ್ನು ತಾನೇ ಕಂಡುಹಿಡಿದಳು.

ಅಮೆರಿಕದ ಪಾಲೊಮಾರ್ ಬೆಟ್ಟದ ಟೆಲಿಸ್ಕೋಪಿನ 200 ಇಂಚಿನ ಕನ್ನಡಿಯ ಕಥೆ ಓದಿದಾಗ ಗಂಟಲು ಕಟ್ಟಿತು. ಅದಕ್ಕೆ 1928ರಲ್ಲಿ ಹಣ ಹೊಂದಿಸಿದವರು ಖಗೋಳ ವಿಜ್ಞಾನಿ ಜಾರ್ಜ್ ಹೇಲ್. 1934ರಲ್ಲಿ ಮೊದಲ ಸಲ ಗಾಜು ಹುಯ್ದಾಗ ಕೆಟ್ಟಿತು. ಅದೇ ವರ್ಷ ಮತ್ತೆ ಹುಯ್ದರು. ಉಜ್ಜುತ್ತಿರುವಾಗ ಎರಡನೇ ಮಹಾಯುದ್ಧ ಬಂದು ಕೆಲಸ ನಿಂತಿತು. ಮುಗಿದದ್ದು 1947ರಲ್ಲಿ. ಹೇಲ್ 1938ರಲ್ಲೇ ತೀರಿಕೊಂಡಿದ್ದರು.

ಬಾಹ್ಯಾಕಾಶದಲ್ಲಿರುವ ಹಬಲ್ ಟೆಲಿಸ್ಕೋಪಿನ ಕಥೆ ಬೇರೆ ಕಾರಣಕ್ಕೆ ಎದೆಗೆ ತಾಗಿತು. ಅದರ ಕನ್ನಡಿಯನ್ನು ಬಹಳ ನಯವಾಗಿ, ಬಹಳ ಕರಾರುವಾಕ್ಕಾಗಿ, ತಪ್ಪು ಆಕಾರಕ್ಕೆ ಉಜ್ಜಿದ್ದರು. ಅಳೆಯುವ ಸಾಧನದ ಜೋಡಣೆಯಲ್ಲಿ 1.3 ಮಿಲಿಮೀಟರ್ ತಪ್ಪಿತ್ತು. ಬೇರೆ ಪರೀಕ್ಷೆಗಳು ಏನೋ ಸರಿಯಿಲ್ಲ ಅಂತ ತೋರಿಸಿದ್ದವು, ಅವನ್ನು ನಂಬಲಿಲ್ಲ. 1990ರಲ್ಲಿ ಮೇಲೆ ಹೋದ ಮೇಲೆ ಗೊತ್ತಾಯಿತು. 1993ರಲ್ಲಿ ಗಗನಯಾತ್ರಿಗಳು ಹೋಗಿ ಸರಿಪಡಿಸಿದರು. ಅದನ್ನು ಓದಿದ ರಾತ್ರಿ ನನ್ನ ಭೂತಗನ್ನಡಿ, ನನ್ನ 220, ಅಮ್ಮನ ಆ ಒಂದು ಸಾಲು ಎಲ್ಲ ನೆನಪಾಯಿತು. ಮರುದಿನದಿಂದ ಫೂಕೊ ಪರೀಕ್ಷೆಯ ಜೊತೆ ಗೆರೆ ಗೆರೆಯ ಜಾಲರಿ ಇಟ್ಟು ನೋಡುವ ರೊಂಕಿ ಪರೀಕ್ಷೆಯನ್ನೂ ಮಾಡತೊಡಗಿದೆ. ಎರಡೂ ಒಂದೇ ಮಾತು ಹೇಳಿದರೆ ಮಾತ್ರ ನಂಬುವುದು.

ಒಂದು ಗುರುವಾರ ರಾತ್ರಿ ಎರಡೂ ಒಂದೇ ಮಾತು ಹೇಳಿದವು. ಮತ್ತೆ ಅಳೆದೆ. ಮರುದಿನ ತಣ್ಣಗಿದ್ದಾಗ ಇನ್ನೊಮ್ಮೆ ಅಳೆದೆ. ಮೇಷ್ಟ್ರು ಬಂದು ತಾವೂ ಅಳೆದರು. ಬ್ಲೇಡಿನ ಹಿಂದಿನಿಂದ ಎದ್ದು, "ಇನ್ನು ಮುಟ್ಟಬೇಡ" ಅಂದರು.

ಅಲ್ಯೂಮಿನಿಯಂ ಲೇಪನಕ್ಕೆ ಕಳಿಸಿ, ಅದು ವಾಪಸ್ ಬಂದು, ಕೊಳವೆಯಲ್ಲಿ ಕೂರಿಸುವುದಕ್ಕೆ ಇನ್ನೊಂದು ತಿಂಗಳು ಹಿಡಿಯಿತು. ಮೋಡ ಸರಿದ ಮೊದಲ ರಾತ್ರಿ ಟೆಲಿಸ್ಕೋಪನ್ನು ಹೊರಗಿಟ್ಟು, ಕನ್ನಡಿ ತಣಿಯಲಿ ಅಂತ ಒಂದು ಗಂಟೆ ಕಾದೆವು. ಕಾಯುವುದು ಅಷ್ಟೊತ್ತಿಗೆ ಅಭ್ಯಾಸವಾಗಿತ್ತು. ಮೊದಲು ಒಂದು ನಕ್ಷತ್ರ. ಫೋಕಸ್ ಒಳಗೆ, ಹೊರಗೆ ಎರಡೂ ಕಡೆ ಒಂದೇ ಥರದ ಉಂಗುರಗಳು. ಕನ್ನಡಿ ಸರಿಯಿದೆ ಅಂತ ಅರ್ಥ. ಆಮೇಲೆ ಶನಿಯತ್ತ ತಿರುಗಿಸಿ ಅಮ್ಮನನ್ನು ಕರೆದೆ.

ಅಮ್ಮ ಸ್ಟೂಲ್ ಮೇಲೆ ಹತ್ತಿ, ಒಂದು ಕಣ್ಣು ಕೈಯಲ್ಲಿ ಮುಚ್ಚಿಕೊಂಡು ಬಗ್ಗಿದಳು. ಬಹಳ ಹೊತ್ತು ಮಾತಿಲ್ಲ. ಶನಿ ಜರುಗಿದಾಗಲೆಲ್ಲ ನಾನು ಕೊಳವೆಯನ್ನು ಬೆರಳಲ್ಲಿ ಒಂಚೂರು ತಳ್ಳುತ್ತಿದ್ದೆ.

"ಬಳೆ ನಿಜವಾಗ್ಲೂ ಇದೆಯಲ್ಲೇ" ಅಂದಳು ಕೊನೆಗೆ.

ಕೆಳಗಿಳಿದು ಒಳಗೆ ಹೋದವಳು ನೋಟ್‌ಬುಕ್ ಹಿಡಿದು ಬಂದಳು. ಟಾರ್ಚಿಗೆ ಕೆಂಪು ಬಟ್ಟೆ ಸುತ್ತಿ ಹಿಡಿದೆ. ತಾರೀಖು ಬರೆದಳು. ಪುಡಿ ಅನ್ನುವ ಕಡೆ ಒಂದು ಅಡ್ಡಗೆರೆ ಎಳೆದಳು. ವೆಟ್ ಅನ್ನುವ ಕಡೆ ಇನ್ನೊಂದು. ಎಷ್ಟು ಹೊತ್ತು ಅನ್ನುವ ಕಡೆ ಪೆನ್ನು ನಿಲ್ಲಿಸಿ, "ಈಗ್ಲೇ ಬರೀಲಾ, ಇನ್ನೂ ನೋಡ್ತೀವಾ?" ಅಂತ ಕೇಳಿದಳು.